ಎರಡನೇ ಸಲ ಬಿದ್ದ ಹೂವು

ಗುಡಗೇರಿ
೮ ಆಗಸ್ಟ್ ೨೦೨೫, ಶುಕ್ರವಾರ

ಭಾವನಾಳ ತಂದೆಯವರಿಗೆ ಶೈಲಾ ಮಾಡುವ ಶರಣು.

ಕ್ಷೇಮ ಎಂಬ ಮಾತನ್ನು ಈ ಸಲ ಬಿಟ್ಟಿದ್ದೇನೆ. ನಾಲ್ಕು ದಿನದಿಂದ ನನಗೆ ಉಂಡದ್ದು ಮೈಗೆ ಹತ್ತಿಲ್ಲ, ನಿಮ್ಮ ಕ್ಷೇಮ ಕೇಳುವಷ್ಟು ದೊಡ್ಡ ಮನಸ್ಸೂ ಉಳಿದಿಲ್ಲ. ಎದುರಿಗೆ ಬಂದು ಹೇಳಬಹುದಿತ್ತು. ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ಒಂದು ವಚನ ಹೇಳಿ ನನ್ನ ಬಾಯಿ ಮುಚ್ಚಿಸುತ್ತೀರಿ. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದಾಗಲೂ ಅದೇ ಆಯಿತು, ಬೇರೆಯಾಗಿ ಏಳು ವರ್ಷವಾದ ಮೇಲೂ ಅದೇ ನಡೆದಿದೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆದು ಅಂಗಡಿಯ ಆಳು ಹನಮಪ್ಪನ ಕೈಯಲ್ಲಿ ದೇವಿಕೊಪ್ಪಕ್ಕೆ ಕಳಿಸುತ್ತಿದ್ದೇನೆ. ಕಡೆತನಕ ಓದಿರಿ. ಹರಿಯುವುದಿದ್ದರೆ ಆಮೇಲೆ ಹರಿಯಿರಿ.

ಮೊದಲು ಸುದ್ದಿ. ಸೀಟು ಆರಿಸುವ ಮೊದಲನೇ ಸುತ್ತಿನ ಗಡುವು ನಿನ್ನೆ ಸಂಜೆ ನಾಲ್ಕಕ್ಕೆ ಮುಗಿಯಿತು. ಭಾವನಾ ಗಾಜಿನ ಯುನಿವರ್ಸಿಟಿಯನ್ನು ಬಿಟ್ಟಳು, ಕಲ್ಲಿನ ಯುನಿವರ್ಸಿಟಿಯ ಮೆಕ್ಯಾನಿಕಲ್ ಸೀಟನ್ನು ಹಿಡಿದಳು. ಮೂರೂಕಾಲಿಗೆ ಕಂಪ್ಯೂಟರಿನಲ್ಲಿ ಒತ್ತಿದಳು. ದೇವರ ಅಪ್ಪಣೆ ಮೀರಿದರು ಅಂತ ನೀವು ಇಷ್ಟೊತ್ತಿಗೆ ಎದ್ದು ನಿಂತಿರುತ್ತೀರಿ. ಕೂಡ್ರಿ. ಆ ಅಪ್ಪಣೆಯ ವಿಚಾರ ಬರೆಯಲಿಕ್ಕೇ ನಾನೂ ಕೂತಿದ್ದೇನೆ.

ಗಾಜಿನದು, ಕಲ್ಲಿನದು ಎಂಬ ಹೆಸರು ನಾವು ತಾಯಿ ಮಗಳು ಇಟ್ಟದ್ದು. ಗಾಜಿನದು ಹೆದ್ದಾರಿ ಬಾಜುವಿನ ಖಾಸಗಿಯದು, ನಿಮ್ಮ ಮನೆಯಿಂದ ಅರ್ಧ ತಾಸು. ಕಲ್ಲಿನದು ಸರ್ಕಾರದ ಹಳೆಯದು, ರೈಲಿನಲ್ಲಿ ಆರು ತಾಸು. ಗಾಜಿನದನ್ನು ನೋಡಲು ಜೂನ್‌ನಲ್ಲಿ ನಾವು ಮೂವರೂ ಕೂಡಿಯೇ ಹೋಗಿದ್ದೆವು. ನಾಲ್ಕನೆಯವನು ರಘೂತ್ತಮ. ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಚೀಟಿಯ ಮೇಲೆ 'ಅಡ್ಮಿಶನ್ ಸಲಹೆಗಾರ'. ನಮ್ಮ ಸಂತೆಯಲ್ಲಿ ಇಂಥವನಿಗೆ ದಲಾಲಿ ಅನ್ನುತ್ತಾರೆ. ಆದರೆ ನಮ್ಮ ದಲಾಲಿಗಳು ತಾವು ದಲಾಲಿಗಳು ಅಂತ ಒಪ್ಪುತ್ತಾರೆ. ಗಾಡಿ ಇಳಿಯುತ್ತಲೇ ಬದಾಮಿ ಹಾಲು ಕೊಟ್ಟ. ನನಗೆ ಹೇಸಿಗೆ ಅಲ್ಲಿಂದಲೇ ಸುರುವಾಯಿತು. ಮಾಲು ತೋರಿಸುವ ಮೊದಲು ಬಾಯಿ ಸಿಹಿ ಮಾಡುವವನ ಚೀಲದ ತಳ ಹೇಗಿರುತ್ತದೆ ಅಂತ ನಾನು ಬಲ್ಲೆ.

ನೌಕರಿ ಸಿಕ್ಕವರ ಫೋಟೋ ಅಂತ ಒಂದು ಗೋಡೆ ತುಂಬ ಹಚ್ಚಿದ್ದರು. ನೀವು ಮೇಲಿನ ಅಕ್ಷರ ಓದಿದಿರಿ, ನಾನು ಮುಖ ಓದಿದೆ. ಹುಬ್ಬಿನ ಮೇಲೆ ಗಾಯದ ಕಲೆಯಿದ್ದ ಒಬ್ಬ ಹುಡುಗ ನೀಲಿ ಅಂಗಿ ಹಾಕಿ ಒಂದು ಕಂಪನಿಗೆ ಹೋಗಿದ್ದ, ಕೋಟು ಹಾಕಿ ಇನ್ನೊಂದಕ್ಕೆ, ಕನ್ನಡಕ ಹಾಕಿ ಮತ್ತೊಂದಕ್ಕೆ. ಏನಪಾ ರಘೂತ್ತಮ, ಈ ಮೂರು ಮಂದೀನ ಒಂದೇ ಬಾಣಂತನಕ್ಕ ಹೆತ್ತಾಕಿ ಯಾರು ಅಂತ ಕೇಳಿದೆ. 'ಮೇಡಂ ಭಾಳ ಶಾರ್ಪ್ ಅದೀರಿ' ಅಂತ ನಕ್ಕ. ನೀವು ಕೆಮ್ಮಿದಿರಿ. ಆ ಕೆಮ್ಮು ನನ್ನ ಮಾತಿನ ನಾಚಿಕೆಗೆ ಬಂದದ್ದು ಅಂತ ಆವತ್ತು ತಿಳಿದಿದ್ದೆ.

ವರ್ಕ್‌ಶಾಪನ್ನು ಗಾಜಿನ ಹೊರಗಿನಿಂದ ತೋರಿಸಿದರು. ಒಳಗೆ ಹೋಗಬೇಕು ಅಂದೆ. ಕೀಲಿ ಇದ್ದವರು ಊಟಕ್ಕೆ ಹೋಗಿದ್ದಾರೆ ಅಂದರು. ಬೆಳಗಿನ ಹನ್ನೊಂದಕ್ಕೆ ಊಟ! ಗಾಜಿಗೆ ಮೂಗು ಹಚ್ಚಿ ನೋಡಿದೆ. ಯಂತ್ರಗಳಿಗೆ ಬರುವಾಗ ಸುತ್ತಿದ ಪ್ಲಾಸ್ಟಿಕ್ ಸುತ್ತಿದಂತೆಯೇ ಇತ್ತು. ನೆಲದ ಮೇಲೆ ಎಣ್ಣೆಯ ಒಂದು ಹನಿ ಇಲ್ಲ, ಕಬ್ಬಿಣದ ಒಂದು ಚೂರಿಲ್ಲ. ನಮ್ಮ ಕಾಳು ಹಸನ ಮಾಡುವ ಯಂತ್ರ ಒಂದು ದಿನ ಓಡಿದರೆ ಹನಮಪ್ಪ ಎರಡು ಸಲ ಕಸ ಹೊಡೆಯಬೇಕು. ಅಲ್ಲಿ ನಾಲ್ಕು ವರ್ಷದಿಂದ ಹುಡುಗರು ಕಲಿಯುತ್ತಿದ್ದಾರಂತೆ. ಏನು ಕಲಿತರು? ಗಾಜು ಒರೆಸುವುದನ್ನೇ? ಭಾವನಾಳೂ ನನ್ನ ಬಾಜು ನಿಂತು ಗಾಜಿನೊಳಗೆ ನೋಡಿದಳು. ನಮ್ಮ ಯಂತ್ರದ ಜರಡಿ ಹರಿದಾಗ ಹುಬ್ಬಳ್ಳಿಯ ಮಿಸ್ತ್ರಿ ಬರುವತನಕ ಕಾಯದೆ ತಾನೇ ಬಿಚ್ಚಿ ಕೂಡಿಸಿದ ಹುಡುಗಿ ಅದು, ಹತ್ತನೇ ಇಯತ್ತೆಯಲ್ಲಿ. ಅವಳಿಗೆ ಏನು ಕಂಡಿತು ಅಂತ ನಾನು ಕೇಳಬೇಕಾಗಿರಲಿಲ್ಲ.

ಹಾಗಂತ ಕಲ್ಲಿನದು ಚೆಂದಿತ್ತು ಅಂತ ತಿಳಿಯಬೇಡಿರಿ. ನಿಮಗೆ ಪುರುಸೊತ್ತಿಲ್ಲ ಅಂದಿರಿ, ನಾವಿಬ್ಬರೇ ಹೋದೆವು. ಹೆಂಗಸರ ಸಂಡಾಸಿಗೆ ಚಿಲಕವಿಲ್ಲ. ಅವಳು ಒಳಗಿದ್ದಾಗ ನಾನು ಬಾಗಿಲು ಹಿಡಿದೆ, ನಾನು ಒಳಗಿದ್ದಾಗ ಅವಳು ಹಿಡಿದಳು. ಆ ನಾತ ರೈಲು ಹತ್ತಿದರೂ ಸೀರೆ ಬಿಡಲಿಲ್ಲ. ಕಾರಕೂನ ಬಾಯಿತುಂಬ ತಂಬಾಕು ಇಟ್ಟುಕೊಂಡು, ಉತ್ತರ ಕೊಟ್ಟರೆ ರಸ ಹೋದೀತು ಅಂತ ಬೆರಳಿನಿಂದಲೇ ದಾರಿ ತೋರಿಸಿದ. ಒಬ್ಬ ಪ್ರೊಫೆಸರು ಭಾವನಾಳನ್ನು ಮೇಲಿನಿಂದ ಕೆಳಗೆ ನೋಡಿ, ಹೆಣ್ಣುಮಕ್ಕಳಿಗೆ ಮೆಕ್ಯಾನಿಕಲ್ ಯಾಕೆ, ಕಂಪ್ಯೂಟರ್ ತೆಗೆದುಕೊಂಡು ಫ್ಯಾನಿನ ಕೆಳಗೆ ಹಾಯಾಗಿ ಕೂಡಬಾರದೇ ಅಂದರು. ಅವರ ತಲೆಯ ಮೇಲಿನ ಫ್ಯಾನಿಗೆ ಎರಡೇ ರೆಕ್ಕೆ ಇದ್ದವು. ನಡಿಯವಾ, ಇದೂ ಹೊಲಸು ಅದೂ ಹೊಲಸು, ಊರಿಗೆ ಹೋಗೂಣು ಅಂತ ನಾನು ಚೀಲ ಎತ್ತಿಕೊಂಡಿದ್ದೆ.

ಆಗ ವರ್ಕ್‌ಶಾಪಿನ ಬಾಗಿಲಲ್ಲಿ ಒಬ್ಬರು ತಡೆದರು. ಅಬ್ದುಲಗನಿ ಅಂತ, ಹುಡುಗರಿಗೆ ಕೈಕೆಲಸ ಹೇಳಿಕೊಡುವವರು, ಮೂಲ ನಮ್ಮ ಅಣ್ಣಿಗೇರಿಯವರು. ಮಾತು ಕೇಳಿಯೇ ಗುರುತು ಹಿಡಿದರು. ಭಾವನಾಳ ಕೈಗೆ ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟು, ಇದರ ಒಂದು ಮೈ ಸಪಾಟ ಮಾಡಿ ತೋರಸವಾ ಅಂದರು. ಇಪ್ಪತ್ತು ನಿಮಿಷ ಉಜ್ಜಿ ಕೊಟ್ಟಳು. ಅವರು ಅದಕ್ಕೆ ಮೂಲಮಟ್ಟದ ನೇರ ಅಂಚು ಹಿಡಿದು ಕಿಟಕಿಯ ಕಡೆ ಎತ್ತಿದರು. 'ಬೆಳಕ ಹಾಯ್ತದ ನೋಡು. ಬೆಳಕ ಹಾಯೂತನಕಾ ಇದು ಕೆಲಸ ಅಲ್ಲ ಬೇ, ಬರೇ ಕೆರಕೊಂಡಿದ್ದು' ಅಂತ ತಿರುಗಿ ಕೊಟ್ಟರು. ಎರಡನೇ ಸಲವೂ ಅದೇ. ಮೂರನೇ ಸಲವೂ ಅದೇ. ಸಿಟ್ಟಿಗೆ ಹುಡುಗಿಯ ಕಿವಿ ಕೆಂಪಾದವು. ನಾಲ್ಕನೇ ಸಲ ಬೆಳಕು ಹಾಯಲಿಲ್ಲ, ಅವರು ಮೂರು ಚಹಾ ತರಿಸಿದರು. ರೈಲಿನಲ್ಲಿ ಭಾವನಾ ಅಂಗೈಯ ಬೊಬ್ಬೆಗಳನ್ನು ಊದಿಕೊಳ್ಳುತ್ತ, ಅವ್ವಾ, ಅಪ್ಪಾಜಿ ಹೂಂ ಅಂದ್ರ ನಾ ಇಲ್ಲೇ ಬರ್ತೀನಿ ಅಂದಳು. ಅಪ್ಪಾಜಿ ಒಲ್ಲೆ ಅಂದ್ರ ಅಂತ ಕೇಳಿದೆ. ಒಲ್ಲೆ ಅಂದ್ರ ಒಲ್ಲೆ ಅಂದಳು.

ನಿಮ್ಮ ಒಂದು ಮಾತಿಗೆ ಈ ಮನೆಯಲ್ಲಿ ಇನ್ನೂ ಅಷ್ಟು ಬೆಲೆ ಇದೆ. ತಿಂಗಳಿಗೆ ಎರಡು ರವಿವಾರ ಬಂದು ಹೋಗುವವರಿಗೆ ಇಷ್ಟು, ದಿನಾಲೂ ರೊಟ್ಟಿ ಬಡಿದು ಹಾಕುವವಳಿಗೆ ಎಷ್ಟು ಅಂತ ನಾನು ಲೆಕ್ಕ ಹಾಕಲು ಹೋಗುವುದಿಲ್ಲ. ಹಾಕಿದರೆ ಬೇಸರವಾಗುತ್ತದೆ.

ನೀವು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದೇವರನ್ನು ಕೇಳೋಣ ಅಂದಿರಿ. ಹೋದ ವಾರದ ಸೋಮವಾರ ಅಡವಿ ಬಸವಣ್ಣನ ಗುಡಿಗೆ ಕರೆದೊಯ್ದಿರಿ. ಪೂಜಾರಿ ಮಡಿವಾಳೆಪ್ಪಜ್ಜ ಬಸವಣ್ಣನ ಎರಡೂ ಕೋಡಿಗೆ ಒಂದೊಂದು ಹೂವು ಹಚ್ಚಿದ. ಬಲಗೋಡಿನ ಹೂ ಮೊದಲು ಬಿದ್ದರೆ ಗಾಜಿನದು, ಎಡಗೋಡಿನದು ಬಿದ್ದರೆ ಕಲ್ಲಿನದು ಅಂತ ನೀವೇ ದೇವರಿಗೆ ಅರಿಕೆ ಮಾಡಿದಿರಿ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಡಗೋಡಿನದು ಬಿತ್ತು. ಭಾವನಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಜ್ಜ ಬಸವಣ್ಣನ ಮುಖ ನೋಡಲಿಲ್ಲ, ನಿಮ್ಮ ಮುಖ ನೋಡಿದ. ಆಮೇಲೆ, 'ಗಾಳಿ ಬಂತ್ರಿ, ಇನ್ನೊಮ್ಮೆ ಕೇಳೂಣು' ಅಂದ. ಕಿಟಕಿಯೇ ಇಲ್ಲದ ಗುಡಿಗೆ ಎಲ್ಲಿಯ ಗಾಳಿ? ನೀವು ಹೂಂ ಅಂದುಬಿಟ್ಟಿರಿ. ದೇವರು ಮೊದಲನೇ ಸಲ ನಿದ್ದಿಗಣ್ಣಾಗ ಇದ್ದನೇನ್ರಿ ಅಂತ ನಾನು ಕೇಳಿದೆ. ಶೈಲಾ, ದೇವರ ಮುಂದ ಸಂತಿ ಮಾತು ಬ್ಯಾಡ ಅಂದಿರಿ.

ಸಂತೆಯ ಮಾತು ಬಿಟ್ಟೆ, ಸಂತೆಯ ಕಣ್ಣು ಬಿಡಲಿಲ್ಲ. ಮಂದಿಯ ಕಣದಲ್ಲಿ ಮೊರ ಹಿಡಿದು ಕಾಳು ಕೇರಿದವಳು ನಾನು. ಕಡಲೆಯಲ್ಲಿ ತೇವ ಎಷ್ಟಿದೆ ಅಂತ ಹಲ್ಲಿಗೆ ಹಚ್ಚಿ ಹೇಳಿ ಈ ಅಂಗಡಿ ಕಟ್ಟಿದ್ದೇನೆ. ಎರಡನೇ ಸಲ ಅಜ್ಜ ಎಡಗೋಡಿಗೆ ಗಂಧವನ್ನು ಗಟ್ಟಿ ಹಿಟ್ಟಿನ ಹಾಗೆ ಮೆತ್ತಿದ. ಬಲಗೋಡಿಗೆ ಬರೇ ನೀರು ಮುಟ್ಟಿಸಿದ. ಬಲಗೋಡಿನ ಹೂ ಬೀಳದೆ ಏನು ಮಾಡೀತು? ನಮ್ಮ ಕಟ್ಟೆಯ ಮೇಲಿನ ಬೆಕ್ಕು ಕುಳಿತು ಕೇಳಿದ್ದರೂ ಬೀಳುತ್ತಿತ್ತು. ನೀವು ಕಣ್ಣು ಮುಚ್ಚಿ ಕೈ ಮುಗಿದಿರಿ. ನಿಮ್ಮನ್ನು ನೋಡಿ ಹುಡುಗಿಯೂ ಮುಗಿದಳು.

ರಘೂತ್ತಮ ಪೂಜಾರಿಯ ಕೈ ಬಿಸಿ ಮಾಡಿದ್ದಾನೆ ಅಂತ ನಾನು ತಿಳಿದೆ. ನನ್ನ ಗಂಡ ಭೋಳೇ ಮನುಷ್ಯ, ದೇವರ ಹೆಸರಿನಲ್ಲಿ ಮೋಸ ಹೋದ ಅಂತ ಒಂದು ವಾರ ನಿಮ್ಮ ಮೇಲೆ ಕನಿಕರಪಟ್ಟೆ. ನೋಡಿರಿ, ಅಷ್ಟು ವ್ಯವಹಾರ ಮಾಡಿದ ಹೆಣ್ಣು, ಅಗದಿ ಹಸನ ಮಾಡಿದ ಕಾಳಿನ ಹಾಗೆ ನಿಮ್ಮನ್ನು ಒಂದು ಬದಿಗೆ ತೆಗೆದಿಟ್ಟು ಉಳಿದ ಕಸದಲ್ಲಿ ಹುಳ ಹುಡುಕುತ್ತಿದ್ದೆ.

ಈ ಸೋಮವಾರ ಒಬ್ಬಳೇ ಆ ಗುಡಿಗೆ ಹೋದೆ. ಕಾಯಿ, ಕರ್ಪೂರ, ಒಂದು ಡಬ್ಬಿ ಹೋಳಿಗೆ. ಅಜ್ಜ, ಈ ವರ್ಷ ಕಡ್ಲಿ ಹಿಡೀಲೋ ಬಿಡಲೋ, ಬಸವಣ್ಣನ್ನ ಒಂದು ಮಾತು ಕೇಳು ಅಂದೆ. ಅಜ್ಜ ಗಂಧ ತೇಯುತ್ತ, ತಲೆ ಎತ್ತದೆ, 'ಯಾವ ಬಾಜೂಕ ಬೀಳಬೇಕ್ರಿ ಅಕ್ಕಾರ?' ಅಂದ. ಬಡಿಗನು ಕದದ ಅಳತೆ ಕೇಳಿದ ಹಾಗೆ ಕೇಳಿದ. ನಾನು, ಅದನ್ನ ದೇವರನ್ನ ಕೇಳೂದಲ್ಲೇನಜ್ಜ ಅಂದೆ. 'ದೇವರನ್ನ ಕೇಳೂದು ಇದ್ದೇ ಇರ್ತದ. ನಿಮ್ಮನ್ನೂ ಒಂದು ಮಾತು ಕೇಳಬೇಕಲ್ರಿ. ಸರ್ ಕಳಿಸಿದ ಮಂದಿದೂ ಸರ್ ಮೊದಲಽ ಹೇಳಿರ್ತಾರ' ಅಂದ. ಆಮೇಲೆ ನನ್ನ ಮುಖ ನೋಡಿ ಗಂಧದ ಕಲ್ಲು ಕೆಳಗಿಟ್ಟ.

ಯಾವ ಸರ್, ರಘೂತ್ತಮನೇ ಅಂತ ಕೇಳಿದೆ. ಅಂವ ಯಾರ್ರಿ ಅಂದ. 'ನಮ್ಮ ಸಂಗನಬಸವ ಸರ್ ರಿ. ನಿಮ್ಮ ಯಜಮಾನರು.'

ಮುಂದಿನದನ್ನು ಅವನು ಅಳುತ್ತಲೇ ಹೇಳಿದ, ನಡುನಡುವೆ ಹೋಳಿಗೆ ಡಬ್ಬಿಯ ಮೇಲೂ ಕಣ್ಣಿಟ್ಟಿದ್ದ. ನಿಮ್ಮ ಪಿಯು ಕಾಲೇಜಿನ ಹುಡುಗರು ಆರು ಮಂದಿ ಈ ಬೇಸಿಗೆಯಿಂದ ಹೂ ಕೇಳಿದ್ದಾರೆ, ಆರೂ ಹೂವು ಬಲಕ್ಕೆ ಬಿದ್ದಿವೆ, ಆರೂ ಮಂದಿ ಗಾಜಿನದಕ್ಕೆ ಹೆಸರು ಕೊಟ್ಟಿದ್ದಾರೆ. ಅಜ್ಜನ ಮೊಮ್ಮಗ ಮಾಳಪ್ಪನಿಗೆ ಅಲ್ಲಿ ತೋಟದ ಕೆಲಸ ಸಿಕ್ಕಿದೆ. ನಿಮಗೆ ಅಲ್ಲಿಯ ಹಾಸ್ಟೆಲಿನ ವಾರ್ಡನ್ ಹುದ್ದೆ ಆಗುವುದಿದೆ. 'ಅದಕ್ಕ ಏಳು ಮಂದೀನ ತರ್ರಿ ಅಂತ ಅಲ್ಲಿಯವರು ಅಂದಿದ್ದರಂತ್ರಿ. ಆರು ಆಗಿದ್ದವು. ಮೊದಲನೇ ಸಲ ನನ್ನಽ ತಪ್ಪಾತು, ಗಂಧ ತೆಳ್ಳಗಾಗಿ ಎಡಕ್ಕ ಬಿತ್ತು. ಕಣ್ಣು ಕಾಣಂಗಿಲ್ರಿ ಅಕ್ಕಾರ' ಅಂದ.

ಏಳನೆಯದು ಭಾವನಾ.

ನಾನು ಗುಡಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಇದನ್ನು ಅಲಂಕಾರಕ್ಕೆ ಬರೆಯುತ್ತಿಲ್ಲ. ಬೆಳಿಗ್ಗೆ ತಿಂದ ಅವಲಕ್ಕಿ ಹಾಗೇ ಬಂತು.

ನಿಮ್ಮ ಕಾಲೇಜು ಬರುವ ವರ್ಷ ಬಾಗಿಲು ಹಾಕುತ್ತದೆ ಅಂತ ನನಗೆ ಗೊತ್ತು. ಐವತ್ತೆರಡರ ವಯಸ್ಸಿನಲ್ಲಿ ಅರ್ಜಿ ಹಿಡಿದು ಮಂದಿಯ ಬಾಗಿಲಿಗೆ ನಿಲ್ಲುವುದು ನಿಮ್ಮಂಥ ಅಭಿಮಾನಿಗೆ ಎಷ್ಟು ಕಠಿಣ ಅಂತಲೂ ತಿಳಿಯುತ್ತದೆ. ನನಗೆ ಹೇಳಬಹುದಿತ್ತು. ಹೇಳಿದ್ದರೆ ನಾನು ನಾಲ್ಕು ಚುಚ್ಚುಮಾತು ಆಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆಡಿದ ಮೇಲೆ ಏನಾದರೂ ದಾರಿ ಮಾಡುತ್ತಿದ್ದೆ. ಆ ನಾಲ್ಕು ಮಾತು ಕೇಳಲಾರದೆ ನೀವು ಮಗಳ ನಾಲ್ಕು ವರ್ಷ ಮಾರಿದಿರಿ. ಅವಳು ನಿಮ್ಮನ್ನು ನಂಬುತ್ತಾಳೆ ಅಂತ ಗೊತ್ತಿದ್ದು, ಆ ನಂಬಿಕೆಯನ್ನೇ ಗಂಧದ ಹಾಗೆ ತೇಯ್ದು ಹಚ್ಚಿದಿರಿ.

ಏಳು ವರ್ಷದ ಹಿಂದೆ ಈ ಮನೆ ಬಿಡುವಾಗ ನೀವು ಏನಂದಿರಿ? ತೂಕದ ಕಟ್ಟೆಯ ಮೇಲೆ ಕುಳಿತು ಗಂಡಸರ ಸರಿ ಬಾಯಿ ಮಾಡುವ ಹೆಣ್ಣಿನ ಅನ್ನ ನನಗೆ ಹೊಲಸು ಅಂದಿರಿ. ಹೊಲಸು ಹೌದು. ಈ ಧಂದೆಯ ಮೊದಲ ಎರಡು ವರ್ಷ ನಾನೂ ಚೀಲದ ಬಾಯಿಗೆ ಒಳ್ಳೆಯ ಜೋಳ ಸುರಿದು ನಡುವೆ ಹುಸಿ ಕಾಳು ತುಂಬಿದ್ದೇನೆ. ನಾಲ್ಕು ಮಂದಿಯ ಮುಂದೆ ಸಿಕ್ಕುಬಿದ್ದು ಬೈಸಿಕೊಂಡಿದ್ದೇನೆ, ಆಮೇಲೆ ಬಿಟ್ಟಿದ್ದೇನೆ. ಆದರೆ ಆ ಚೀಲದಲ್ಲಿ ನಾನು ನನ್ನ ಹೊಟ್ಟೆಯ ಕೂಸನ್ನು ತುಂಬಿರಲಿಲ್ಲ. ಬಸವಣ್ಣನನ್ನು ತಕ್ಕಡಿ ಹಿಡಿಯಲು ನಿಲ್ಲಿಸಿರಲಿಲ್ಲ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಭಾವನಾ ಪಾರಾದಳು, ಉಳಿದ ಆರು ಮಂದಿ ಇನ್ನೂ ನಿಮ್ಮ ಚೀಲದಲ್ಲಿದ್ದಾರೆ. ಸೀಟಿನ ಎರಡನೇ ಸುತ್ತು ಬುಧವಾರ ಸಂಜೆಗೆ ಮುಗಿಯುತ್ತದಂತೆ. ಅಲ್ಲಿಯವರೆಗೆ ಅವರೂ ಮನಸ್ಸು ಬದಲಿಸಲು ಬರುತ್ತದೆ. ಆರೂ ಮನೆಗೆ ನೀವೇ ಹೋಗಿರಿ. ಮೈಲಾರವ್ವನ ಮನೆಯಿಂದ ಸುರು ಮಾಡಿರಿ. ಗಂಡನಿಲ್ಲದ ಹೆಣ್ಣುಮಗಳು, ಮಗನ ವಿಷಯದಲ್ಲಿ ಸರ್ ಹೇಳಿದ್ದೇ ಕಡೆಯ ಮಾತು ಅಂತ ಕುಳಿತಿದ್ದಾಳೆ ಅಂತ ಅಜ್ಜ ಹೇಳಿದ. ಏನು ಹೇಳುತ್ತೀರಿ, ಹೇಗೆ ಹೇಳುತ್ತೀರಿ, ನಿಮಗೆ ಬಿಟ್ಟದ್ದು. ಪೂಜಾರಿಯ ಕಣ್ಣು ಮಂಜಾಗಿದೆ, ಹೂವು ತಪ್ಪಿತ್ತು ಅನ್ನಿರಿ. ಅದರಲ್ಲಿ ಸುಳ್ಳೇನೂ ಇಲ್ಲ. ಯಂತ್ರದ ಪ್ಲಾಸ್ಟಿಕ್ ನೀವೂ ನೋಡಿದ್ದೀರಿ, ಅದನ್ನಷ್ಟು ಬಾಯಿಬಿಟ್ಟು ಹೇಳಿರಿ. ಆಮೇಲೆ ಗಾಜಿನದೇ ಬೇಕು ಅಂದವರು ಹೋಗಲಿ, ಅದು ಅವರ ಇಚ್ಛೆ. ಬುಧವಾರ ಬೆಳಗಿನ ತನಕ ನೀವು ಹೋಗದಿದ್ದರೆ ಮಧ್ಯಾಹ್ನ ನಾನು ಹೋಗುತ್ತೇನೆ. ನಾನು ಹೋದರೆ ಹೂವಿನ ಮಾತಿಗೆ ನಿಲ್ಲಿಸುವುದಿಲ್ಲ. ನನ್ನ ಬಾಯಿ ನಿಮಗೆ ಗೊತ್ತಿದೆ.

ವಾರ್ಡನ್ ಹುದ್ದೆ ಹೋಗುತ್ತದೆ. ಹೋಗಲಿ. ಇಲ್ಲಿ ಅಂಗಡಿಯಲ್ಲಿ ಪತ್ರ ಬರೆಯುವ, ಹೊರಗಿನವರ ಕೂಡ ನಯವಾಗಿ ಮಾತಾಡುವ ಒಬ್ಬರು ಬೇಕಾಗಿದ್ದಾರೆ. ಇದನ್ನು ಪ್ರೀತಿ ಅಂತ ತಿಳಿಯಬೇಡಿರಿ. ಪ್ರೀತಿ ಏನಾದರೂ ಉಳಿದಿದೆಯೋ ಅಂತ ನಾನಿನ್ನೂ ಕೈ ಹಾಕಿ ನೋಡಿಲ್ಲ, ಈಗ ಕೈ ಹಾಕಿದರೆ ಬರೇ ಹೇಸಿಗೆ ಹತ್ತುತ್ತದೆ.

ಅತ್ತೆಯವರಿಗೆ ನಮಸ್ಕಾರ ಹೇಳಿರಿ. ಅವರಿಗೆ ಈ ಕಾಗದ ಓದಿ ಹೇಳಬೇಡಿರಿ.

ನಿಮ್ಮ ಹೆಸರಿನ ಬಲದಲ್ಲಿ ಇನ್ನೂ ಕುಂಕುಮ ಹಚ್ಚಿಕೊಳ್ಳುತ್ತಿರುವ,
ಶೈಲಾ

ತಾ.ಕ. ಭಾವನಾ ಹೇಗೆ ಒಪ್ಪಿದಳು ಅಂತ ಮೇಲೆ ಬರೆಯಲಿಲ್ಲ. ಬರೆಯಬಾರದು ಅಂತಲೇ ಇದ್ದೆ. ಆದರೆ ಅವಳು ಬರುವ ರವಿವಾರ ದೇವಿಕೊಪ್ಪಕ್ಕೆ ಬರುವವಳಿದ್ದಾಳೆ, ಆದ್ದರಿಂದ ನಿಮಗೆ ತಿಳಿದಿರಬೇಕು.

ಪೂಜಾರಿಯ ಮಾತು, ನಿಮ್ಮ ಹುದ್ದೆ, ಏಳನೆಯ ಲೆಕ್ಕ, ಒಂದೂ ಅವಳಿಗೆ ಗೊತ್ತಿಲ್ಲ. ನಿನ್ನೆ ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕುಳಿತು, ಅಪ್ಪಾಜಿನೂ ದೇವರೂ ಒಂದೇ ಕಡೆ ಅದಾರ, ನಾ ಇನ್ನೊಂದು ಕಡೆ ಹೆಂಗ ಒತ್ತಲಿ ಅಂತ ಅಂಗೈ ನೋಡಿಕೊಳ್ಳುತ್ತಿದ್ದಳು. ನಿಜ ಹೇಳಿದ್ದರೆ ಒಂದು ನಿಮಿಷದ ಕೆಲಸವಿತ್ತು. ಮೂರು ಸಲ ಬಾಯಿತನಕ ಬಂತು. ಆದರೆ ಪರವೂರಿಗೆ ಹೋಗುವ ಹುಡುಗಿ ಬುತ್ತಿಯ ಜೊತೆ ಅಪ್ಪನ ಮೇಲಿನ ಹೇಸಿಗೆಯನ್ನೂ ಕಟ್ಟಿಕೊಂಡು ಹೋಗುವುದು ಬೇಡ ಅನ್ನಿಸಿತು. ಅದನ್ನು ಹೊರಲು ಮನೆಯಲ್ಲಿ ಒಬ್ಬಳು ಸಾಕು. ಮೂರು ಗಂಟೆಗೆ ಹಿತ್ತಲಿಗೆ ಹೋಗಿ, ಫೋನನ್ನು ಕಿವಿಗೆ ಹಚ್ಚಿ, ಯಾರೂ ಇಲ್ಲದವರ ಕೂಡ ಜೋರಾಗಿ ಮಾತಾಡಿದೆ. ಹೌದ್ರಿ, ಆತ್ರಿ, ಹೇಳ್ತೀನ್ರಿ ಅಂದೆ. ಒಳಗೆ ಬಂದು, ನಿಮ್ಮಪ್ಪಾಜಿ ಫೋನ್ ಮಾಡಿದ್ರು ಅಂದೆ. 'ಮೊದಲು ಬಿದ್ದ ಹೂವಽ ಖರೇ, ಮಗಳು ಹತ್ರ ಇರಲಿ ಅಂತ ನಾನು ಆಸೆಬುರುಕ ಆಗಿ ಎರಡನೇ ಸಲ ಕೇಳಿಸಿದೆ, ಆಕಿ ದೂರದ್ದಽ ಹಿಡೀಲಿ' ಅಂದ್ರು ಅಂತ ಹೇಳಿದೆ.

ಹುಡುಗಿ ಅತ್ತುಕೊಂಡೇ ಒತ್ತಿದಳು. ಆಮೇಲೆ ನನ್ನ ಕೊರಳಿಗೆ ಬಿದ್ದು, ಅಪ್ಪಾಜಿಯಷ್ಟು ದೊಡ್ಡ ಮನಸ್ಸು ಯಾರಿಗೂ ಇಲ್ಲವ್ವಾ ಅಂದಳು. ನಾನು ಹೌದು ಅಂದೆ.

ರವಿವಾರ ಅವಳು ನಿಮ್ಮ ಕಾಲಿಗೆ ಬೀಳುತ್ತಾಳೆ. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಡಿರಿ. ತಲೆಯ ಮೇಲೆ ಕೈ ಇಟ್ಟು, ಹೌದವಾ, ನಾನಽ ಹೇಳಿದ್ದೆ ಅನ್ನಿರಿ. ಸುಳ್ಳು ಹೇಳುವುದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ.